ಮೂಗುತಿ, ಜಡೆ ಮತ್ತು ಸಿಪ್ಯಾಪ್ ಮಾಸ್ಕ್

ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಗೆ ಕೊಡುವ ಸಿಪ್ಯಾಪ್ ಮೆಷಿನ್ ಜೊತೆ ಬಂದ ಪುಸ್ತಿಕೆಯಲ್ಲಿ ಮಾಸ್ಕ್ ಹಾಕಿಕೊಳ್ಳುವ ಚಿತ್ರಗಳಿದ್ದವು. ಚಿತ್ರದಲ್ಲಿದ್ದವರಿಗೆ ಗಿಡ್ಡ ಕೂದಲು. ಮೂಗಿನಲ್ಲಿ ಮೂಗುತಿ ಇಲ್ಲ. ಸೊಂಟದವರೆಗೆ ಜಡೆ ಇರುವ, ಮೂಗು ಚುಚ್ಚಿಸಿಕೊಂಡ, ರಾತ್ರಿ ತಲೆಗೆ ತೆಂಗಿನೆಣ್ಣೆ ಹಚ್ಚಿ ಮಲಗುವ ಹೆಂಗಸಿಗೆ ಈ ಮಾಸ್ಕ್ ಹೇಗೆ ಕೂರಬೇಕು ಎಂದು ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಾಲ ಮಾಡಿ ಮೆಷಿನ್ ತಂದು, ಮಾಸ್ಕ್ ನೋವು ತಡೆಯಲಾಗದೆ ಕಪಾಟಿನ ಮೇಲೆ ಇಟ್ಟವರು ನಮ್ಮ ಊರಿನ ಕಡೆಯೇ ಇದ್ದಾರೆ. ಅವರಲ್ಲಿ ಒಬ್ಬರಾದರೂ ಅದನ್ನು ಕೆಳಗಿಳಿಸಿ ಮತ್ತೆ ಹಾಕಿಕೊಂಡರೆ ನನಗೆ ಅಷ್ಟೇ ಸಾಕು.

ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ. ಪೇಟೆಯಲ್ಲಿ ಸಣ್ಣ ಹೊಲಿಗೆ ಅಂಗಡಿ ಇದೆ. ಬ್ಲೌಸ್, ಚೂಡಿದಾರ, ಜೂನ್ ಬಂತೆಂದರೆ ಶಾಲೆಯ ಯೂನಿಫಾರ್ಮ್. ನಮ್ಮವರು ಶಾರ್ಜಾದಲ್ಲಿ ಕೆಲಸದಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆ, ಕಾಲೇಜಿಗೆ ಹೋಗುವ ಮಗಳು. ರಾತ್ರಿ ಅತ್ತೆ ಮತ್ತು ನಾನು ಒಂದೇ ಕೋಣೆಯಲ್ಲಿ ಮಲಗುತ್ತೇವೆ. ನನ್ನ ಕಾಯಿಲೆ ಮೊದಲು ಗೊತ್ತಾಗಿದ್ದು ಅವರಿಗೆ. "ನಿಂಗೆ ನಿದ್ದೆಯಲ್ಲಿ ಉಸಿರು ನಿಂತ ಹಾಗೆ ಆಗ್ತದೆ. ಮತ್ತೆ ಒಮ್ಮೆಲೇ ಎಳಿತಿ. ನಂಗೆ ಹೆದರಿಕೆ ಆಗ್ತದೆ, ಡಾಕ್ಟ್ರಿಗೆ ತೋರ್ಸು" ಎಂದರು.

ನಾನು ಜೋರಾಗಿ ಗೊರಕೆ ಹೊಡೆಯುವವಳಲ್ಲ. ಬೆಳಿಗ್ಗೆ ಎದ್ದರೆ ತಲೆನೋವು. ಎಷ್ಟು ಮಲಗಿದರೂ ಸುಸ್ತು. ಮಧ್ಯಾಹ್ನ ಹೊಲಿಗೆ ಮೆಷಿನ್ ಮುಂದೆ ಕೂತರೆ ಕಣ್ಣು ಎಳೆಯುತ್ತಿತ್ತು. ಮುಟ್ಟು ನಿಲ್ಲುವ ವಯಸ್ಸಲ್ವಾ, ಹಾಗೇ ಇರುತ್ತದೆ ಎಂದು ಎಲ್ಲರೂ ಹೇಳಿದರು. ಆ ವಯಸ್ಸು ದಾಟಿದ ಮೇಲೆ ಹೆಂಗಸರಲ್ಲಿ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ಈ ಕಾಯಿಲೆ, ಜಾಸ್ತಿಯಾಗುತ್ತದೆ ಎಂದು ಮಂಗಳೂರಿನ ಡಾಕ್ಟರ್ ಹೇಳಿದ ಮೇಲೆಯೇ ನನಗೆ ತಿಳಿದಿದ್ದು. ಗಂಡಸರ ಹಾಗೆ ದೊಡ್ಡ ಗೊರಕೆ ಇಲ್ಲದೆ, ಬರೀ ಸುಸ್ತು, ತಲೆನೋವು, ನಿದ್ದೆ ಕೆಡುವುದು, ಮನಸ್ಸು ಕುಗ್ಗುವುದು, ಹೀಗೂ ಹೆಂಗಸರಲ್ಲಿ ಇದು ಕಾಣಿಸುತ್ತದೆ. ಹಾಗಾಗಿ ಬೇಗ ಯಾರ ಗಮನಕ್ಕೂ ಬರುವುದಿಲ್ಲ.

ನಿದ್ದೆಯ ಪರೀಕ್ಷೆ ಮಾಡಿದರು. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ನನ್ನದು ತೀವ್ರದ ಸಾಲಿನಲ್ಲಿ ಬಂತು. ಮೆಷಿನ್ ಬೇಕೇ ಬೇಕು ಎಂದರು.

ಮೆಷಿನ್ ಮನೆಗೆ ಬಂದ ಸುದ್ದಿ ಹರಡಿತು. "ಅವಳಿಗೆ ಆಕ್ಸಿಜನ್ ಇಟ್ಟಿದ್ದಾರಂತೆ" ಎಂದು ನೆರೆಯವರು ಹಣ್ಣು ಹಿಡಿದುಕೊಂಡು ನೋಡಲು ಬಂದರು. ಪಾಪ, ಪ್ರೀತಿಯಿಂದ ಬಂದವರು. ಇದು ಆಕ್ಸಿಜನ್ ಅಲ್ಲ ಎಂದು ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಿದ್ದೆ ಬಂದಾಗ ಗಂಟಲಿನ ಒಳಗಿನ ಮಾಂಸಖಂಡ ಸಡಿಲವಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಮೆಷಿನ್ ಕೋಣೆಯ ಗಾಳಿಯನ್ನೇ ಎಳೆದು, ಸ್ವಲ್ಪ ಒತ್ತಡ ಕೊಟ್ಟು ಮೂಗಿಗೆ ಕಳಿಸುತ್ತದೆ. ಆ ಒತ್ತಡದಿಂದ ದಾರಿ ತೆರೆದೇ ಇರುತ್ತದೆ. ಅಷ್ಟೇ ಅದರ ಕೆಲಸ. ಆದರೆ ಆ ಒತ್ತಡ ಗಂಟಲಿನವರೆಗೆ ಸರಿಯಾಗಿ ಮುಟ್ಟಬೇಕಾದರೆ ಮಾಸ್ಕ್ ಮುಖದ ಮೇಲೆ ಸೋರದ ಹಾಗೆ ಕೂರಬೇಕು. ಎಲ್ಲಾ ಕಷ್ಟ ಶುರುವಾಗುವುದು ಅಲ್ಲೇ.

ನನಗೆ ಮೊದಲು ಕೊಟ್ಟದ್ದು ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್. ಮಾರುವ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ಗಾಳಿ ಹಾಕದೆ, ಹಿಂದಿನಿಂದ ಪಟ್ಟಿಗಳನ್ನು ಗಟ್ಟಿಯಾಗಿ ಎಳೆದು "ಸರಿಯಾಯ್ತು" ಎಂದರು. ಹುಡುಗ ಮಲಯಾಳದಲ್ಲಿ ಬೇಗ ಬೇಗ ಹೇಳಿ ಮುಗಿಸಿದ. ಅಂಗಡಿಯ ಹೆಸರು ಇಲ್ಲಿ ಬೇಡ. ಆದರೆ ಹಾಗೆ ಕೊಡುವುದು ಸರಿಯಲ್ಲ ಎಂದು ಮಾತ್ರ ಹೇಳಲೇಬೇಕು. ಅಲ್ಲಿಂದ ತಂದ ಹಾಗೆಯೇ ಹಾಕಿಕೊಂಡು ಮಲಗಿದ್ದಕ್ಕೆ ಕೆಲವೇ ದಿನಗಳಲ್ಲಿ ಮೂಗಿನ ಮೇಲ್ಭಾಗದಲ್ಲಿ, ಕನ್ನಡಕ ಕೂರುವ ಜಾಗದಲ್ಲಿ, ಚರ್ಮ ಕೆಂಪಾಗಿ ಸುಲಿದು ಹೋಯಿತು. ನೀರು ತಾಗಿದರೆ ಉರಿ. ಅಷ್ಟು ಬಿಗಿ ಇದ್ದರೂ ಕಣ್ಣಿನ ಕಡೆಗೆ ಗಾಳಿ ಸೋರುತ್ತಲೇ ಇತ್ತು. ಬೆಳಿಗ್ಗೆ ಕಣ್ಣು ಒಣಗಿ ಕೆಂಪಾಗಿರುತ್ತಿತ್ತು.

ಆಗ ನನ್ನ ಕಸುಬು ನನಗೆ ಸಹಾಯಕ್ಕೆ ಬಂತು. ಬ್ಲೌಸಿನ ತೋಳಿನ ಹತ್ತಿರ ಬಟ್ಟೆ ಎಳೆದು ನೆರಿಗೆ ಬಿದ್ದರೆ, ಹುಕ್ ಇನ್ನೂ ಒಳಗೆ ಇಟ್ಟು ಬಿಗಿ ಮಾಡಿದರೆ ಸರಿಯಾಗುತ್ತದಾ? ಇಲ್ಲ. ನೆರಿಗೆ ಇನ್ನೂ ಜಾಸ್ತಿಯಾಗುತ್ತದೆ. ತಪ್ಪು ಇರುವುದು ಕಟಿಂಗ್‌ನಲ್ಲಿ, ಅಳತೆಯಲ್ಲಿ. ಮಾಸ್ಕ್ ಕೂಡ ಹಾಗೇ ಎಂದು ನನಗೆ ಅನಿಸಿತು. ಬಿಗಿ ಮಾಡಿದಷ್ಟೂ ಸೋರುತ್ತದೆ ಎಂದರೆ ಆ ಮಾಸ್ಕ್ ನನ್ನ ಮುಖದ ಅಳತೆಯದ್ದಲ್ಲ, ಇಲ್ಲವೇ ಹಾಕಿಸಿದ ಕ್ರಮ ಸರಿ ಇಲ್ಲ.

ಮಂಗಳೂರಿಗೆ ಹೋಗಿ ಸ್ಲೀಪ್ ಲ್ಯಾಬಿನ ಟೆಕ್ನೀಷಿಯನ್ ಹತ್ತಿರ ಇದನ್ನೇ ಕೇಳಿದೆ. ಅವರು ತುಳುವಿನಲ್ಲಿ, ಸಮಾಧಾನವಾಗಿ, ಮಾಸ್ಕನ್ನು ಕೈಯಲ್ಲಿ ಹಿಡಿದು ತೋರಿಸಿದರು. ಅಂಚಿನ ಸಿಲಿಕಾನ್ ಕುಶನ್ ಎರಡು ಪದರ. ಚರ್ಮದ ಕಡೆಗಿರುವ ತೆಳು ಪದರ ಗಾಳಿ ತುಂಬಿ ಉಬ್ಬಿ ಮೆತ್ತಗೆ ಕೂರಬೇಕು. ಪಟ್ಟಿ ಅತಿಯಾಗಿ ಎಳೆದರೆ ಆ ಪದರ ಚಪ್ಪಟೆಯಾಗುತ್ತದೆ. ಆಮೇಲೆ ಉಬ್ಬಲು ಜಾಗವೇ ಇಲ್ಲ. ಗಟ್ಟಿ ಅಂಚು ಮೂಗಿನ ಎಲುಬಿಗೆ ಒತ್ತುತ್ತದೆ, ಸೋರುವುದೂ ನಿಲ್ಲುವುದಿಲ್ಲ. ಅಂಚು ಕೆಲಸ ಮಾಡುವುದು ಗಾಳಿಯಿಂದ, ಬಿಗಿಯಿಂದ ಅಲ್ಲ. ಇದೊಂದು ಮಾತು ಮೊದಲ ದಿನವೇ ಯಾರಾದರೂ ಹೇಳಿದ್ದರೆ ನನ್ನ ಮೂಗು ಸುಲಿಯುತ್ತಿರಲಿಲ್ಲ.

ಅವರು ಕಲಿಸಿದ ಕ್ರಮ ಇದು. ಮಲಗಿಕೊಂಡೇ ಮಾಸ್ಕ್ ಹಾಕಬೇಕು, ಕೂತು ಅಲ್ಲ. ಮಲಗಿದಾಗ ಕೆನ್ನೆ, ಗಲ್ಲದ ಆಕಾರ ಬದಲಾಗುತ್ತದೆ. ಎಲ್ಲಾ ಪಟ್ಟಿ ಸಡಿಲ ಬಿಟ್ಟು ಮೆಷಿನ್ ಚಾಲೂ ಮಾಡಿ, ಗಾಳಿ ಬರುತ್ತಿರುವಾಗ ಮಾಸ್ಕನ್ನು ಮುಖದಿಂದ ಸ್ವಲ್ಪ ಮುಂದಕ್ಕೆ ಎಳೆದು ಮೆಲ್ಲಗೆ ಬಿಡಬೇಕು. ಆಗ ಕುಶನ್ ಉಬ್ಬಿ ತನ್ನ ಜಾಗದಲ್ಲಿ ಕೂರುತ್ತದೆ. ಆಮೇಲೆ ಎಡ ಬಲ ಎರಡೂ ಒಂದೇ ಸಮ ಸ್ವಲ್ಪ ಸ್ವಲ್ಪ ಬಿಗಿ ಮಾಡುವುದು, ಸೋರುವುದು ನಿಂತ ಕೂಡಲೇ ಬಿಡುವುದು. ಪಟ್ಟಿಯ ಅಡಿಗೆ ಬೆರಳು ಹೋಗಬೇಕು. ಮಗ್ಗುಲು ಬದಲಾಯಿಸಿ ನೋಡಿ, ಅಲ್ಲೂ ಸೋರದಿದ್ದರೆ ಸರಿ. ಬೆಳಿಗ್ಗೆ ತೆಗೆದಾಗ ಚರ್ಮದ ಮೇಲೆ ಕಾಣುವ ಗುರುತು ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ಪರವಾಗಿಲ್ಲ. ಮಧ್ಯಾಹ್ನದವರೆಗೆ ಕೆಂಪು ಉಳಿದರೆ, ಸುಲಿದರೆ, ಆ ಮಾಸ್ಕ್ ನಿಮ್ಮದಲ್ಲ.

ಆ ಟೆಕ್ನೀಷಿಯನ್ ಹೇಳಿದ ಒಂದು ವಿಷಯ ನನಗೆ ತುಂಬಾ ಹಿಡಿಸಿತು. ಈ ಚಿಕಿತ್ಸೆಯನ್ನು ಕಂಡುಹಿಡಿದವರು ಆಸ್ಟ್ರೇಲಿಯಾದ ಸಿಡ್ನಿಯ ಡಾಕ್ಟರ್ ಕಾಲಿನ್ ಸಲ್ಲಿವನ್. 1981ರಲ್ಲಿ ಅದನ್ನು ಪ್ರಕಟಿಸಿದರು. ಆಗ ಗಾಳಿ ಊದಲು ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಬಳಸಿದ್ದರಂತೆ. ರೋಗಿಯ ಮೂಗಿನ ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಅವರಿಗೇ ಬೇಕಾದ ಮಾಸ್ಕ್ ಮಾಡಿ, ದಿನಾ ರಾತ್ರಿ ಅಂಟು ಹಚ್ಚಿ ಮುಖಕ್ಕೆ ಅಂಟಿಸುತ್ತಿದ್ದರು. ಅಂಟಿನ ಕಷ್ಟ ಈಗ ಇಲ್ಲ, ಒಳ್ಳೆಯದಾಯಿತು. ಆದರೆ ಒಬ್ಬೊಬ್ಬರ ಮೂಗಿನ ಅಳತೆ ತೆಗೆಯುತ್ತಿದ್ದರಲ್ವಾ, ಅದು ಮಾತ್ರ ಈಗ ಮಾರುವವರ ಕೈಯಲ್ಲಿ ತಪ್ಪಿಹೋಗಿದೆ. ಸಣ್ಣ, ಮಧ್ಯಮ, ದೊಡ್ಡದು ಎಂದು ಗಾತ್ರ ಇರುತ್ತದೆ, ಅಳೆಯುವ ಕಾಗದದ ಅಚ್ಚು ಕೂಡ ಕಂಪನಿಯವರು ಕೊಡುತ್ತಾರೆ. ಕೇಳಿ. ಅಳೆಯದೆ ಕೊಟ್ಟರೆ ತೆಗೆದುಕೊಳ್ಳಬೇಡಿ. ನಾನು ಒಂದು ಪೆಟಿಕೋಟನ್ನೂ ಅಳತೆ ಇಲ್ಲದೆ ಹೊಲಿಯುವುದಿಲ್ಲ.

ಇಷ್ಟಾದ ಮೇಲೆ ದೊಡ್ಡ ಮಾಸ್ಕ್ ಏಕೆ ಬೇಕಾಯಿತು ಎಂಬ ಪ್ರಶ್ನೆ. ನಾನು ನಿದ್ದೆಯಲ್ಲಿ ಬಾಯಿ ತೆರೆದು ಉಸಿರಾಡುತ್ತೇನೆ ಎಂದು ಅದನ್ನು ಕೊಟ್ಟಿದ್ದರು. ಬಾಯಿ ತೆರೆಯುವುದು ಏಕೆ? ಮೂಗು ಕಟ್ಟುವುದರಿಂದ. ಮೂಗು ಕಟ್ಟುವುದು ಏಕೆ? ಡಾಕ್ಟರ್ ನನ್ನ ಕೆಲಸ ಏನೆಂದು ಕೇಳಿದರು. ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಬಟ್ಟೆಯ ನೂಲಿನ ಧೂಳು. ಓವರ್‌ಲಾಕ್ ಮೆಷಿನ್ ಅಡಿಯಲ್ಲಿ ಸಂಜೆ ಗುಡಿಸಿದರೆ ಒಂದು ಹಿಡಿ ಹತ್ತಿ ಸಿಗುತ್ತದೆ. ಅದು ನನಗೆ ಅಲರ್ಜಿ. ಯಾರೂ ಅಷ್ಟು ವರ್ಷ ಅದನ್ನು ಮೂಗಿಗೂ ನಿದ್ದೆಗೂ ಜೋಡಿಸಿ ನೋಡಿರಲಿಲ್ಲ. ಡಾಕ್ಟರ್ ಮೂಗಿಗೆ ಸ್ಪ್ರೇ ಬರೆದುಕೊಟ್ಟರು. ಉಪ್ಪುನೀರಿನ ಸ್ಪ್ರೇಯಿಂದ ಸಂಜೆ ಮೂಗು ತೊಳೆಯಲು ಹೇಳಿದರು. ಅಂಗಡಿಯಲ್ಲಿ ಬಟ್ಟೆಯ ಮಾಸ್ಕ್ ಹಾಕಿಕೊಂಡು ಓವರ್‌ಲಾಕ್ ಮಾಡುವ ಅಭ್ಯಾಸ ಮಾಡಿಕೊಂಡೆ. ಕೆಲವು ವಾರಗಳಲ್ಲಿ ಮೂಗು ತೆರೆಯಿತು. ಬಾಯಿ ತಾನಾಗಿ ಮುಚ್ಚಿತು. ಆಮೇಲೆ ಮೂಗಿಗೆ ಮಾತ್ರ ಕೂರುವ ಸಣ್ಣ ಮಾಸ್ಕ್ ಸಾಕು ಎಂದರು. ಸಣ್ಣ ಮಾಸ್ಕಿನಲ್ಲಿ ಸೋರುವ ಅಂಚೂ ಕಡಿಮೆ, ಹಲವರಿಗೆ ಬೇಕಾಗುವ ಒತ್ತಡವೂ ಕಡಿಮೆ.

ಮಾಸ್ಕ್ ಬದಲಾಯಿಸುವ ಮುಂಚೆ ಮೂಗನ್ನು ತೋರಿಸಿ ಎಂದು ಯಾರಿಗಾದರೂ ಒಂದೇ ಸಲಹೆ ಕೊಡಬಹುದಾದರೆ ಕೊಡುತ್ತೇನೆ. ಅಡಿಕೆ ಸುಲಿಯುವವರು, ಮಿಲ್ಲಿನಲ್ಲಿ ಇರುವವರು, ಬೀಡಿ ಕಟ್ಟುವವರು, ನಮ್ಮ ಕಡೆ ಧೂಳಿನ ಕೆಲಸ ಮಾಡದವರು ಯಾರಿದ್ದಾರೆ?

ಇನ್ನು ಮೂಗುತಿ. ಮೂಗಿನ ಮಾಸ್ಕ್ ಬಂದಾಗ ಈ ತೊಂದರೆ ಶುರುವಾಯಿತು. ನನ್ನದು ಎಡ ಮೂಗಿನಲ್ಲಿ ಏಳು ಕಲ್ಲಿನ ಮೂಗುತಿ, ಒಳಗೆ ತಿರುಪು. ಕುಶನ್ ಅದರ ಮೇಲೆ ಕೂತರೆ ಒಂದು ಬದಿ ಎತ್ತರವಾಗಿ ಗಾಳಿ ಸೋರುತ್ತದೆ, ಕಲ್ಲು ಮೂಗಿಗೆ ಒತ್ತುತ್ತದೆ. ಹೊಳ್ಳೆಗಳ ಒಳಗೆ ಕೂರುವ ಮೆತ್ತನೆಯ ಎರಡು ತುದಿಗಳ ಮಾಸ್ಕ್ ಕೂಡ ಇದೆ, ಪಿಲ್ಲೋ ಎನ್ನುತ್ತಾರೆ. ಅದು ನೇರ ತಿರುಪಿಗೆ ತಾಗಿ ಒಳಗೆ ಗಾಯವಾಯಿತು. ರಾತ್ರಿ ಮೂಗುತಿ ತೆಗೆದಿಡಿ ಎಂದು ಸುಲಭವಾಗಿ ಹೇಳಿದರು.

ಮನೆಯಲ್ಲಿ ಅದು ಸುಲಭವಲ್ಲ. "ಮೂಗುತಿ ತೆಗೆದು ಮಲಗುದಾ? ಅವ ಅಷ್ಟು ದೂರದಲ್ಲಿ ಇದ್ದಾನೆ" ಎಂದು ಅತ್ತೆಯ ಮುಖ ಸಣ್ಣದಾಯಿತು. ಮಗನ ಮೇಲಿನ ಹೆದರಿಕೆ ಅದು. ನಾನು ಅವರ ಹತ್ತಿರ ವಾದ ಮಾಡಲಿಲ್ಲ. ಹಾಗೆಂದು ಚಿಕಿತ್ಸೆಯನ್ನೂ ಬಿಡಲು ತಯಾರಿರಲಿಲ್ಲ. ನಮ್ಮವರು ವೀಡಿಯೊ ಕಾಲ್‌ನಲ್ಲಿ "ಅಮ್ಮಾ, ಅವಳು ಉಸಿರಾಡಿದ್ರೆ ನಂಗೆ ಸಾಕು" ಎಂದರು. ಆದರೂ ಅತ್ತೆಗೆ ಸಮಾಧಾನ ಇರಲಿಲ್ಲ, ನನಗೂ ಅವರನ್ನು ನೋಯಿಸಲು ಮನಸ್ಸಿರಲಿಲ್ಲ.

ದಾರಿ ಎರಡು ಕಡೆಯಿಂದ ಸಿಕ್ಕಿತು. ಚಿನ್ನದ ಕೆಲಸದ ಆಚಾರ್ಯರ ಹತ್ತಿರ ಹೋಗಿ ಏಳು ಕಲ್ಲಿನ ಬದಲು ಒಂದೇ ಸಣ್ಣ ಕಲ್ಲಿನ ಮೂಗುತಿ ಮಾಡಿಸಿದೆ, ಒಳಗಿನ ತಿರುಪು ಗಿಡ್ಡ ಮಾಡಿ, ತುದಿ ನುಣುಪು ಮಾಡಿಸಿದೆ. ಇನ್ನೊಂದು, ಮೂಗಿನ ಮೇಲೆ ಕೂರದೆ, ಮೂಗಿನ ಅಡಿಯಲ್ಲಿ ತೊಟ್ಟಿಲಿನಂತೆ ಬಾಗಿದ ಕುಶನ್ ಇರುವ ಮಾಸ್ಕ್. ಹೊಳ್ಳೆಯ ಒಳಗೂ ಹೋಗುವುದಿಲ್ಲ, ಮೂಗಿನ ಮೇಲ್ಭಾಗವನ್ನೂ ಮುಟ್ಟುವುದಿಲ್ಲ. ರೆಸ್‌ಮೆಡ್, ಫಿಲಿಪ್ಸ್ ಎರಡೂ ಕಂಪನಿಗಳಲ್ಲಿ ಇಂಥ ವಿನ್ಯಾಸ ಇದೆ. ಮೂಗುತಿ ಇರುವ ಹೆಂಗಸರು ಮೊದಲು ಇದನ್ನೇ ಕೇಳಿ ನೋಡಿ ಎನ್ನುತ್ತೇನೆ. ಸುಲಿದ ಮೂಗಿನ ಮೇಲ್ಭಾಗ ಒಣಗಿದ್ದೂ ಈ ಮಾಸ್ಕ್ ಬಂದ ಮೇಲೆ. ಕನ್ನಡಕ ಹಾಕಿ ಓದಿಕೊಂಡು ಮಲಗಬಹುದು, ಅದೊಂದು ಲಾಭ. ಒಂದು ವಿಷಯ ನೆನಪಿಡಿ: ನನ್ನ ಮೆಷಿನ್‌ನಲ್ಲಿ ಯಾವ ವಿಧದ ಮಾಸ್ಕ್ ಎಂದು ಆರಿಸುವ ಸೆಟ್ಟಿಂಗ್ ಇದೆ. ಮಾಸ್ಕ್ ಬದಲಾದಾಗ ಅದನ್ನೂ ಬದಲಾಯಿಸಬೇಕು.

ಮಾಸ್ಕ್ ಕೊಳ್ಳುವಾಗ ಅತ್ತೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕಾಯಿತು. ಅವರಿಗೆ ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದಾರೆ. ಕೆಲವು ಮಾಸ್ಕುಗಳ ಕ್ಲಿಪ್‌ನಲ್ಲಿ ಮ್ಯಾಗ್ನೆಟ್ ಇರುತ್ತದೆ. ಕತ್ತಲಲ್ಲಿ ಹಾಕಲು ಸುಲಭ ಎಂದು ಅಂಗಡಿಯವರು ಅದನ್ನೇ ಮುಂದೆ ಇಡುತ್ತಾರೆ. ಆದರೆ ಪೇಸ್‌ಮೇಕರಿನಂಥ ಸಾಧನ ಇರುವವರಿಂದ ಆ ಮ್ಯಾಗ್ನೆಟ್ ಕನಿಷ್ಠ 6 ಇಂಚು, ಅಂದರೆ 15 ಸೆಂಟಿಮೀಟರ್ ದೂರ ಇರಬೇಕು ಎಂದು ಕಂಪನಿಗಳೇ ಎಚ್ಚರಿಕೆ ಕೊಟ್ಟಿವೆ. ಹಾಕಿಕೊಳ್ಳುವವರಿಗೆ ಮಾತ್ರವಲ್ಲ, ಪಕ್ಕದಲ್ಲಿ ಮಲಗುವವರಿಗೂ, ಮಾಸ್ಕ್ ಎತ್ತಿಕೊಡುವವರಿಗೂ ಇದು ಅನ್ವಯಿಸುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಮಾಸ್ಕ್ ತೊಳೆದು ಒಣಗಿಸುವುದು ಹಲವು ದಿನ ಅತ್ತೆಯೇ. ಹಾಗಾಗಿ ಮ್ಯಾಗ್ನೆಟ್ ಇಲ್ಲದ್ದೇ ಬೇಕು ಎಂದು ಹಟ ಹಿಡಿದೆ. ಇದನ್ನು ಯಾರೂ ನನ್ನ ಹತ್ತಿರ ತಾವಾಗಿ ಕೇಳಲಿಲ್ಲ. ಕೇಳಬೇಕಿತ್ತು.

ಕೂದಲಿನ ಕಥೆ ಸಣ್ಣದು. ಹಿಂದೆ ತುರುಬು ಕಟ್ಟಿದರೆ ಪಟ್ಟಿ ಮೇಲೆ ಜಾರುತ್ತದೆ, ಮಾಸ್ಕ್ ವಾರೆಯಾಗುತ್ತದೆ. ಸಡಿಲ ಜಡೆ ಹಾಕಿ ಒಂದು ಬದಿಗೆ ಭುಜದ ಮೇಲೆ ತಂದು ಮಲಗುತ್ತೇನೆ, ಪಟ್ಟಿ ಜಡೆಯ ಅಡಿಯಲ್ಲಿ ಹೋಗುತ್ತದೆ. ತಲೆಗೆ ಎಣ್ಣೆ ಹಚ್ಚುವುದನ್ನು ರಾತ್ರಿಯಿಂದ ಭಾನುವಾರ ಬೆಳಗಿನ ಎಣ್ಣೆಸ್ನಾನಕ್ಕೆ ತಳ್ಳಿದೆ. ಎಣ್ಣೆ ಇದ್ದರೆ ಪಟ್ಟಿ ಜಾರುತ್ತದೆ, ಸಿಲಿಕಾನ್ ಅಂಚು ಚರ್ಮಕ್ಕೆ ಹಿಡಿಯುವುದಿಲ್ಲ, ಬೇಗ ಹಾಳೂ ಆಗುತ್ತದೆ. ಮುಖಕ್ಕೆ ಕ್ರೀಮ್ ಹಚ್ಚಿ ಮಲಗುವುದೂ ಬೇಡ. ಸೋಪಿನಲ್ಲಿ ಮುಖ ತೊಳೆದು, ಒರೆಸಿ, ಆಮೇಲೆ ಮಾಸ್ಕ್. ಬೆಳಿಗ್ಗೆ ಕುಶನನ್ನು ಮೆತ್ತಗಿನ ಸೋಪು, ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆಯುವುದು. ಡೆಟಾಲ್, ಸ್ಪಿರಿಟ್ ಯಾವುದೂ ಹಾಕಬಾರದು. ಬಿಸಿಲಿಗೆ ಒಣಗಿಸಬಾರದು, ನೆರಳೇ ಒಳ್ಳೆಯದು.

ಮಳೆಗಾಲದಲ್ಲಿ ಒಣಗಿಸುವುದೇ ಒಂದು ದೊಡ್ಡ ಕೆಲಸ. ಜೂನ್, ಜುಲೈಯಲ್ಲಿ ಕಾಸರಗೋಡಿನ ಮಳೆ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒಳಗಿನ ಹಗ್ಗದಲ್ಲಿ ಹಾಕಿದ ಬಟ್ಟೆಯೇ ವಾಸನೆ ಬರುತ್ತದೆ, ಇನ್ನು ಆರಡಿ ಪೈಪಿನ ಒಳಗಿನ ನೀರು ಒಣಗುವುದು ಹೇಗೆ? ಪೈಪನ್ನು ಮಧ್ಯಕ್ಕೆ ಮಡಚಿ, ಎರಡೂ ತುದಿ ಕೆಳಗೆ ಬರುವ ಹಾಗೆ ಹಗ್ಗಕ್ಕೆ ನೇತುಹಾಕಿ ಫ್ಯಾನಿನ ಅಡಿಯಲ್ಲಿ ಇಡುತ್ತೇನೆ. ಮೆಷಿನ್‌ನಲ್ಲಿ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಇದೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿ ಮಲಗುವಾಗ ಅದು ಬೇಕು, ಇಲ್ಲದಿದ್ದರೆ ಮೂಗು ಒಣಗಿ ರಕ್ತ ಬರುತ್ತದೆ. ಮಳೆಗಾಲದಲ್ಲಿ ಕೋಣೆಯ ಗಾಳಿಯೇ ಒದ್ದೆ. ಅದೇ ಸೆಟ್ಟಿಂಗ್ ಇಟ್ಟರೆ ಬೆಚ್ಚಗಿನ ತೇವದ ಗಾಳಿ ತಣ್ಣಗಿನ ಪೈಪಿನಲ್ಲಿ ನೀರಾಗಿ, ನಡುರಾತ್ರಿ ಮಾಸ್ಕಿನೊಳಗೆ ಹನಿ ಹನಿಯಾಗಿ ಬಂದು ಮೂಗಿಗೆ ಬೀಳುತ್ತದೆ. ಆಗ ತೇವವನ್ನು ಕಡಿಮೆ ಮಾಡುವುದು, ಪೈಪಿಗೆ ಬಟ್ಟೆಯ ಹೊದಿಕೆ ಹಾಕುವುದು, ಮೆಷಿನನ್ನು ತಲೆಗಿಂತ ತಗ್ಗಿನಲ್ಲಿ ಇಡುವುದು. ಹೊದಿಕೆ ನಾನೇ ಹೊಲಿದೆ. ನೀರು ಮಾತ್ರ ಡಿಸ್ಟಿಲ್ಡ್ ನೀರೇ ಹಾಕಬೇಕು. ಬಾವಿ ನೀರು ಹಾಕಿದರೆ ಡಬ್ಬಿಯ ತಳದಲ್ಲಿ ಬಿಳಿ ಕಲೆ ಕಟ್ಟುತ್ತದೆ.

ಕರೆಂಟ್ ಹೋದರೆ ಉಸಿರು ಕಟ್ಟುತ್ತದಾ ಎಂಬ ಹೆದರಿಕೆ ನನಗೆ ತುಂಬಾ ಇತ್ತು. ಅಡಿಕೆ ಮರ ಲೈನಿನ ಮೇಲೆ ಬಿದ್ದರೆ ಇಡೀ ರಾತ್ರಿ ಕರೆಂಟ್ ಇಲ್ಲದ ಊರು ಇದು. ದೊಡ್ಡ ಮಾಸ್ಕಿನಲ್ಲಿ ಗಾಳಿ ನಿಂತ ಕೂಡಲೇ ತೆರೆಯುವ ಒಂದು ವಾಲ್ವ್ ಇರುತ್ತದೆ, ಹೊರಗಿನ ಗಾಳಿ ಬರುತ್ತದೆ. ಮೂಗಿನ ಮಾಸ್ಕ್ ಬಾಯಿಯನ್ನು ಮುಚ್ಚುವುದಿಲ್ಲ, ಬಾಯಿಯಿಂದ ಉಸಿರಾಡಬಹುದು. ಇದು ಗೊತ್ತಾದ ಮೇಲೆ ಅರ್ಧ ಹೆದರಿಕೆ ಹೋಯಿತು. ಇನ್‌ವರ್ಟರ್ ಇರುವವರು ರಾತ್ರಿ ಹ್ಯುಮಿಡಿಫೈಯರ್ ಬಂದ್ ಮಾಡಿದರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ, ಬಿಸಿ ಮಾಡಲು ಹೋಗುವ ಕರೆಂಟೇ ಜಾಸ್ತಿ. ಉಸಿರು ಬಿಟ್ಟ ಗಾಳಿ ಹೊರಗೆ ಹೋಗಲು ಮಾಸ್ಕಿನಲ್ಲಿ ಸಣ್ಣ ತೂತುಗಳಿರುತ್ತವೆ. ಗಾಳಿ ಸೋರುತ್ತಿದೆ ಎಂದು ಅದಕ್ಕೆ ಟೇಪ್ ಹಚ್ಚಿದವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಉಳಿದ ಅರ್ಧ ಹೆದರಿಕೆ ಮಾಸ್ಕ್ ಮುಖಕ್ಕೆ ಬಂದ ಕೂಡಲೇ ಎದೆ ಹೊಡೆದುಕೊಳ್ಳುವುದು. ಕಿತ್ತು ಬಿಸಾಡಬೇಕು ಎಂದು ಅನಿಸುವುದು. ಇದು ತುಂಬಾ ಜನರಿಗೆ ಆಗುತ್ತದೆ, ಹೇಳಿಕೊಳ್ಳುವವರು ಕಡಿಮೆ. ಅದಕ್ಕೆ ಲ್ಯಾಬಿನವರು ಹೇಳಿಕೊಟ್ಟ ಉಪಾಯ: ಹಗಲಲ್ಲಿ ಅಭ್ಯಾಸ ಮಾಡುವುದು. ಮನೆಯಲ್ಲಿ ಸೀರೆಗೆ ಫಾಲ್ ಹಚ್ಚಲು ಕೂತಾಗ ಪೈಪ್ ಇಲ್ಲದೆ ಬರೀ ಮಾಸ್ಕ್ ಹಾಕಿಕೊಂಡೆ. ಕೈಗೆ ಕೆಲಸ ಇದ್ದರೆ ಮುಖದ ಮೇಲಿನದ್ದು ಮರೆಯುತ್ತದೆ. ಅದು ಅಭ್ಯಾಸವಾದ ಮೇಲೆ ಗಾಳಿ ಹಾಕಿಕೊಂಡು ಟಿವಿ ನೋಡಿದೆ. ಆಮೇಲೆ ಮಧ್ಯಾಹ್ನದ ಸಣ್ಣ ನಿದ್ದೆಗೆ. ಮೆಷಿನ್ 4ರಿಂದ 20ರವರೆಗೆ ಒತ್ತಡ ಕೊಡಬಲ್ಲದು, ಅದನ್ನು ನೀರಿನ ಎತ್ತರದ ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಮೊದಲೇ ಜೋರಾಗಿ ಊದದೆ, ಕಡಿಮೆಯಿಂದ ಶುರುಮಾಡಿ ನಿಧಾನ ಏರುವ ಹಾಗೆ ಇಡಬಹುದು, ರ್‍ಯಾಂಪ್ ಎನ್ನುತ್ತಾರೆ. ಉಸಿರು ಬಿಡುವಾಗ ಒತ್ತಡ ಸ್ವಲ್ಪ ಇಳಿಯುವ ಸೆಟ್ಟಿಂಗ್ ಕೂಡ ಇದೆ. ಇವೆರಡನ್ನೂ ಕೇಳಿ ಹಾಕಿಸಿಕೊಳ್ಳಿ. ಒತ್ತಡದ ಮುಖ್ಯ ಅಂಕೆಯನ್ನು ಮಾತ್ರ ಡಾಕ್ಟರ್ ಹೇಳದೆ ಮುಟ್ಟಬಾರದು.

ಬೆಳಿಗ್ಗೆ ಪರದೆಯಲ್ಲಿ ಎಷ್ಟು ಗಂಟೆ ಹಾಕಿದ್ದೇವೆ, ಉಸಿರು ಎಷ್ಟು ಸಲ ನಿಂತಿದೆ, ಎಷ್ಟು ಸೋರಿದೆ ಎಂದು ಬರುತ್ತದೆ. ನನ್ನ ಮೆಷಿನ್ ಪ್ರಕಾರ ಸೋರಿಕೆ ನಿಮಿಷಕ್ಕೆ 24 ಲೀಟರ್ ದಾಟಬಾರದು. ಯಾವ ಬದಲಾವಣೆ ಮಾಡಿದರೂ ಒಂದು ಸಲಕ್ಕೆ ಒಂದೇ ಮಾಡಿ, ಮಾರನೆಯ ದಿನ ಆ ಅಂಕೆ ನೋಡುತ್ತೇನೆ. ಮಗಳು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ. ಡಾಕ್ಟರ್ ಹತ್ತಿರ ಹೋಗುವಾಗ ಆ ಹಾಳೆಯ ಫೋಟೋ ಹಿಡಿದುಕೊಂಡು ಹೋದರೆ ಮಾತು ಬೇಗ ಮುಗಿಯುತ್ತದೆ.

ಇಷ್ಟೆಲ್ಲ ನಾನೇ ಕಲಿಯಬೇಕು ಎಂದು ಹಟ ಹಿಡಿಯಲು ಕಾರಣ ಇದೆ. ಬದಿಯಡ್ಕದಿಂದ ಕುಂಬಳೆಗೆ ಬಸ್ಸು, ಅಲ್ಲಿಂದ ತಲಪಾಡಿ ದಾಟಿ ಮಂಗಳೂರು. ಒಂದು ದಿನದ ಸಂಪಾದನೆ ಹೋಗುತ್ತದೆ. ಕೊರೋನಾ ಸಮಯದಲ್ಲಿ, 2020ರ ಮಾರ್ಚ್‌ನಲ್ಲಿ, ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಿದ್ದನ್ನು ನಾವು ಮರೆತಿಲ್ಲ. ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ಜೀವ ಹೋದವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಅಂದಿನಿಂದ, ಮನೆಯಲ್ಲಿ ಮಾಡಬಹುದಾದ್ದನ್ನು ಮನೆಯಲ್ಲೇ ಸರಿಯಾಗಿ ಕಲಿತಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಕಾರಣವೂ ಇದೆ. ಮಾಸ್ಕ್ ಬಿಟ್ಟ ಹೆಂಗಸರನ್ನು ಏಕೆ ಬಿಟ್ಟಿರಿ ಎಂದು ಕೇಳಿದರೆ "ನೋವಾಗ್ತದೆ ಮಾರಾಯ್ತಿ" ಎನ್ನುತ್ತಾರೆ. ಡಾಕ್ಟ್ರಿಗೆ ಹೇಳಿದ್ರಾ ಎಂದರೆ "ಅಷ್ಟಕ್ಕೆಲ್ಲ ಎಂತ ಹೇಳುದು" ಎನ್ನುತ್ತಾರೆ. ಒಂದೋ ಸುಮ್ನೆ ತಡೆದುಕೊಳ್ಳುವುದು, ಇಲ್ಲ ಸುಮ್ನೆ ಬಿಟ್ಟುಬಿಡುವುದು. ಹೇಳಿ ಸರಿಮಾಡಿಸಿಕೊಳ್ಳುವುದು ನಮಗೆ ಯಾರೂ ಕಲಿಸಿಲ್ಲ. ಬ್ಲೌಸ್ ಕಂಕುಳಲ್ಲಿ ಚುಚ್ಚಿದರೆ ಅಂಗಡಿಗೆ ಬಂದು ನನ್ನನ್ನು ಜೋರು ಮಾಡುವವರೇ ಇವರು! ಸಾವಿರಗಟ್ಟಲೆ ಹಣ ಕೊಟ್ಟ ಮಾಸ್ಕಿನ ಬಗ್ಗೆಯೂ ಹಾಗೇ ಜೋರು ಮಾಡಿ. ಗಾತ್ರ ಬದಲಾಯಿಸಿ ಕೊಡಿ ಎಂದು ಕೇಳಿ. ಕೊಳ್ಳುವ ಮುಂಚೆಯೇ, ಸರಿಯಾಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಕೊನೆಗೆ ನಾನು ಹೊಲಿದ ಎರಡು ವಸ್ತುಗಳ ವಿವರ. ಹಲವರು ಕೇಳಿದ್ದಾರೆ.

ಒಂದು ದಿಂಬು. ಮಗ್ಗುಲಾಗಿ ಮಲಗಿದರೆ ದಿಂಬು ಮಾಸ್ಕನ್ನು ತಳ್ಳಿ ವಾರೆ ಮಾಡುತ್ತದೆ. ಬೂರುಗದ ಹತ್ತಿಯ ಹಳೆಯ ದಿಂಬನ್ನು ಬಿಚ್ಚಿ, ಎರಡೂ ಬದಿಯಲ್ಲಿ ಮುಖ ಬರುವ ಜಾಗದಲ್ಲಿ ಅಂಗೈ ಅಗಲದಷ್ಟು ಒಳಗೆ ಬಾಗಿಸಿ ಕತ್ತರಿಸಿ, ಮತ್ತೆ ಹತ್ತಿ ತುಂಬಿ ಹೊಲಿದೆ. ಕೆನ್ನೆ ದಿಂಬಿನ ಮೇಲೆ ಇರುತ್ತದೆ, ಮಾಸ್ಕ್ ಆ ಖಾಲಿ ಜಾಗದಲ್ಲಿ ಇರುತ್ತದೆ. ಹತ್ತಿ ಗಟ್ಟಿಯಾಗಿ ತುಂಬಬೇಕು, ಇಲ್ಲದಿದ್ದರೆ ಬಾಗು ಮುಚ್ಚಿಹೋಗುತ್ತದೆ. ದಿಂಬಿನ ಹತ್ತಿ ಧೂಳು ಕಾರಿದರೆ ಮೂಗಿಗೆ ತೊಂದರೆ, ಹಾಗಾಗಿ ಒತ್ತಾದ ನೇಯ್ಗೆಯ ಬಟ್ಟೆಯ ಒಳಚೀಲ ಹಾಕಿದ್ದೇನೆ.

ಇನ್ನೊಂದು ಕೆನ್ನೆಯ ಮೇಲಿನ ಪಟ್ಟಿಗೆ ಕವರ್. ಪಟ್ಟಿಯ ಗೆರೆ ಕೆನ್ನೆಯಲ್ಲಿ ಬೀಳುವುದಿಲ್ಲ, ಬೆವರೂ ಹೀರುತ್ತದೆ. ನಿಮ್ಮ ಪಟ್ಟಿಯ ಅಗಲ ಅಳೆದು, ಅದರ ಎರಡರಷ್ಟಕ್ಕೆ ಒಂದು ಇಂಚು ಸೇರಿಸಿ ಬಟ್ಟೆ ಕತ್ತರಿಸಿ. ಉದ್ದ, ಕಿವಿಯ ಮುಂದಿನಿಂದ ಮಾಸ್ಕಿನ ತುದಿಯವರೆಗೆ. ಮೆತ್ತಗಿನ ಫ್ಲಾನೆಲ್ ಅಥವಾ ಒಗೆದು ಒಗೆದು ನುಣುಪಾದ ಹಳೆಯ ಪಂಚೆ ಒಳ್ಳೆಯದು, ಪಾಲಿಯೆಸ್ಟರ್ ಬೇಡ. ಮಧ್ಯಕ್ಕೆ ಮಡಚಿ ಪಟ್ಟಿಗೆ ಸುತ್ತಿ ವೆಲ್ಕ್ರೋ ಹಚ್ಚಿ. ಹೊಲಿಗೆಯ ಗೀಟು ಹೊರಗೆ ಬರಲಿ, ಚರ್ಮಕ್ಕೆ ತಾಗುವ ಕಡೆ ಬರಬಾರದು. ಕವರ್ ಹಾಕಿದ ಮೇಲೆ ಪಟ್ಟಿ ಸ್ವಲ್ಪ ಬಿಗಿಯಾಗುತ್ತದೆ, ಅಷ್ಟು ಸಡಿಲಿಸಿಕೊಳ್ಳಿ. ಎರಡು ಜೊತೆ ಹೊಲಿದಿಟ್ಟರೆ ಮಳೆಗಾಲದಲ್ಲಿ ಒಂದು ಒಣಗುವವರೆಗೆ ಇನ್ನೊಂದು ಇರುತ್ತದೆ. ಹೊಸ ಬಟ್ಟೆಯಾದರೆ ಕತ್ತರಿಸುವ ಮುಂಚೆ ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿ, ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ.